ಕಸಿ ಕಿಡ್ನಿಗೆ ಎಂಆರ್‌ಐ: ಹೋಗುವ ಮುನ್ನ ತಿಳಿದಿರಲಿ

ಅಮ್ಮ ಕೊಟ್ಟ ಕಿಡ್ನಿ ಈಗ ತಮ್ಮನ ಕಿಬ್ಬೊಟ್ಟೆಯ ಬಲಗಡೆ ಇದೆ. ಕೈಯಿಟ್ಟರೆ ಸಣ್ಣ ಉಬ್ಬು ಸಿಗುತ್ತದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ಕ್ರಿಯಾಟಿನಿನ್, ಅದರ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಆದರೆ ಎಷ್ಟೋ ಸಲ ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಾಗಿರುತ್ತದೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲೂ ಅನುಮಾನ ತೀರದಿದ್ದರೆ ಡಾಕ್ಟರ್ ಎಂಆರ್‌ಐ ಬರೆದುಕೊಡುವುದುಂಟು.

ಮೊದಲ ಕೆಲಸ, ಹೊಸ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿಟ್ಟುಕೊಳ್ಳಿ. ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಇದೆಯಾ ಅಂತ ಕೇಳಿ. ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆ ಇರುವವರಿಗೆ ಅದರಿಂದ ಚರ್ಮ ಬಿಗಿದುಕೊಳ್ಳುವ ಅಪರೂಪದ ಕಾಯಿಲೆ ಬರಬಹುದು. ಈಗಿನ ಹೊಸ ಔಷಧಿಗಳಲ್ಲಿ ಆ ಭಯ ತುಂಬಾ ಕಡಿಮೆ. ಆದರೂ ಕೇಳುವುದು ನಮ್ಮ ಹಕ್ಕು.

ಪೇಸ್‌ಮೇಕರ್ ಇದ್ದರೆ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಮೊದಲೇ ಹೇಳಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಬಿಡಿ ಅಂತ ಅಲ್ಲ. ಮಾತ್ರೆ ಯಾವಾಗ ನುಂಗಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬಹುದು, ಅಲ್ವಾ? ಸಂಜೆಯ ಡೋಸ್ ಬ್ಯಾಗಿನಲ್ಲಿರಲಿ.

ಮೆಷಿನ್ ಒಳಗೆ ಅರ್ಧದಿಂದ ಮುಕ್ಕಾಲು ಗಂಟೆ ಮಲಗಬೇಕು. ಟಕಟಕ ಸದ್ದು ಜಾಸ್ತಿ, ಕಿವಿ ಮುಚ್ಚಲು ಏನಾದರೂ ಕೊಡುತ್ತಾರೆ. 'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ' ಅಂತ ಸ್ಪೀಕರ್‌ನಲ್ಲಿ ಹೇಳುತ್ತಿರುತ್ತಾರೆ. ತಮ್ಮನಿಗೆ ಮೊದಲ ಸಲ ಹಿಡಿಯಲಾಗಲಿಲ್ಲ, ಚಿತ್ರ ಮಸುಕಾಯಿತು, ಮತ್ತೆ ತೆಗೆದರು. ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಲಗಿ ಹದಿನೈದು ಎಣಿಸುತ್ತಾ ಅಭ್ಯಾಸ ಮಾಡಿ.

ಅಷ್ಟಕ್ಕೂ ಅದರಲ್ಲಿ ಕಾಣುವುದೇನು? ರಕ್ತನಾಳ ಕಿರಿದಾಗಿದೆಯಾ, ಮೂತ್ರದ ದಾರಿ ಕಟ್ಟಿಕೊಂಡಿದೆಯಾ, ಸುತ್ತ ನೀರು ನಿಂತಿದೆಯಾ ಅನ್ನುವುದು ತಿಳಿಯುತ್ತದೆ. ನನಗೆ ಆಶ್ಚರ್ಯ ತಂದದ್ದು ಬೋಲ್ಡ್ ಅನ್ನುವ ವಿಧಾನ. ಆಮ್ಲಜನಕ ಬಿಟ್ಟುಕೊಟ್ಟ ರಕ್ತಕ್ಕೆ ಅಯಸ್ಕಾಂತದ ಗುಣ ತುಸು ಬರುತ್ತದೆ. ಅದನ್ನೇ ಹಿಡಿದು ಕಿಡ್ನಿಗೆ ಆಮ್ಲಜನಕ ಸಾಲುತ್ತಿದೆಯಾ ಅಂತ ಅಂದಾಜು ಮಾಡುತ್ತಾರೆ. ಸೂಜಿ ಬೇಡ, ಇಂಜೆಕ್ಷನ್ ಬೇಡ. ಡಿಫ್ಯೂಷನ್ ಅನ್ನುವ ಇನ್ನೊಂದು ವಿಧಾನದಲ್ಲಿ ನೀರಿನ ಕಣಗಳ ಓಡಾಟ ನೋಡುತ್ತಾರೆ. ಕಿಡ್ನಿ ಒಳಗೆ ಗಾಯದ ಕಲೆಯಂತೆ ಗಟ್ಟಿಯಾದಷ್ಟೂ ಆ ಓಡಾಟ ಕಡಿಮೆ. ಇವೆರಡೂ ಇನ್ನೂ ಹೆಚ್ಚಾಗಿ ಸಂಶೋಧನೆಯ ಹಂತದಲ್ಲಿವೆ, ಎಲ್ಲ ಸೆಂಟರ್‌ನಲ್ಲೂ ಸಿಗುವುದಿಲ್ಲ.

ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯಾ ಅನ್ನುವುದನ್ನು ಖಚಿತಪಡಿಸಲು ಇವತ್ತಿಗೂ ಬಯಾಪ್ಸಿಯೇ (ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು. ಸ್ಕ್ಯಾನ್ ಚೆನ್ನಾಗಿದೆ ಅಂತ ಬಯಾಪ್ಸಿ ಬೇಡ ಅನ್ನಬೇಡಿ.

ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ, ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕಸಿ ಮಾಡಿದ ಜಾಗ ನೋಯುತ್ತಿದ್ದರೆ ಎಂಆರ್‌ಐ ತಾರೀಖಿಗೆ ಕಾಯಬೇಡಿ. ಆವತ್ತೇ ಆಸ್ಪತ್ರೆಗೆ ಫೋನ್ ಮಾಡಿ.