ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ಯಂತ್ರಗಳ ಜಾಲ ಕಟ್ಟುವುದು ಹೇಗೆ?

ನೆಟ್‌ವರ್ಕಿಂಗ್ ಕಲಿಯಲು ರೂಟರ್ ಕೊಳ್ಳಲೇಬೇಕೆಂದಿಲ್ಲ. 8 ಜಿಬಿ ರ್‍ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಮತ್ತು ಒಂದು ಕಂಪ್ಯೂಟರ್‌ನೊಳಗೆ ಬೇರೆ ಕಂಪ್ಯೂಟರ್‌ಗಳನ್ನು ನಡೆಸಲು ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಇದ್ದರೆ, ಎರಡು ಕಂಪ್ಯೂಟರ್‌ಗಳೂ ಅವುಗಳ ನಡುವೆ ಒಂದರ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವ ಒಂದು ರೂಟರೂ ಇರುವ ಜಾಲವನ್ನು ಮನೆಯಲ್ಲೇ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಬಹುದು.

ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಯಂತ್ರ ರಚಿಸಿ, ಅದಕ್ಕೆ 1 ಜಿಬಿ ರ್‍ಯಾಮ್ ಕೊಟ್ಟು, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡಿ. ಇಂಟರ್ನೆಟ್ ಇರುವಾಗಲೇ ಎಸ್‌ಎಸ್‌ಎಚ್ ಸರ್ವರ್ (ಇನ್ನೊಂದು ಯಂತ್ರದಿಂದ ಸುರಕ್ಷಿತವಾಗಿ ಒಳಬರಲು), ಟಿಸಿಪಿಡಂಪ್ (ಜಾಲದಲ್ಲಿ ಹರಿಯುವುದನ್ನು ನೋಡಲು) ಮತ್ತು ಆನ್ಸಿಬಲ್ (ಯಂತ್ರಗಳ ಕೆಲಸಗಳನ್ನು ತಾನಾಗಿ ನಡೆಸಲು) ಹಾಕಿಕೊಳ್ಳಿ. ಮುಂದೆ ಈ ಯಂತ್ರಗಳಿಗೆ ಹೊರಗಿನ ಸಂಪರ್ಕ ಇರುವುದಿಲ್ಲ. ಬಳಿಕ ಕ್ಲೋನ್ ಮಾಡಿ ಎರಡು ಪ್ರತಿ ತೆಗೆಯಿರಿ. ಆಗ ಎಲ್ಲ ಅಡಾಪ್ಟರ್‌ಗಳಿಗೂ ಹೊಸ ಮ್ಯಾಕ್ ವಿಳಾಸ (ಪ್ರತಿ ಅಡಾಪ್ಟರ್‌ನ ಗುರುತಿನ ಸಂಖ್ಯೆ) ಕೊಡುವ ಆಯ್ಕೆಯನ್ನು ಮರೆಯದೆ ಆರಿಸಬೇಕು.

ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮೊದಲ ಯಂತ್ರವನ್ನು ‘ಎಡ’ ಎಂಬ ಇಂಟರ್ನಲ್ ನೆಟ್‌ವರ್ಕ್‌ಗೆ (ಈ ಯಂತ್ರಗಳ ನಡುವೆಯಷ್ಟೇ ಇರುವ ಜಾಲ), ಮೂರನೆಯದನ್ನು ‘ಬಲ’ ಎಂಬುದಕ್ಕೆ ಸೇರಿಸಿ, ರೂಟರ್ ಆಗಲಿರುವ ನಡುವಿನ ಯಂತ್ರಕ್ಕೆ ಎರಡು ಅಡಾಪ್ಟರ್ ಕೊಟ್ಟು ಎರಡೂ ಜಾಲಗಳಿಗೆ ಜೋಡಿಸಿ. ಎಡಗಡೆಯ ಯಂತ್ರಕ್ಕೆ 192.168.10.2, ಬಲಗಡೆಯದಕ್ಕೆ 192.168.20.2, ರೂಟರ್‌ನ ಎರಡು ಬದಿಗೆ 192.168.10.1 ಮತ್ತು 192.168.20.1 ಎಂಬ ಐಪಿ ವಿಳಾಸಗಳನ್ನು 255.255.255.0 ಮಾಸ್ಕ್‌ನೊಂದಿಗೆ (ವಿಳಾಸದ ಯಾವ ಭಾಗ ಜಾಲದ್ದೆಂದು ಹೇಳುವ ಸಂಖ್ಯೆ) ಕೊಡಿ. ತಮ್ಮ ಬದಿಯ ರೂಟರ್ ವಿಳಾಸವೇ ತುದಿಯ ಯಂತ್ರಗಳಿಗೆ ಗೇಟ್‌ವೇ, ಅಂದರೆ ಬೇರೆ ಜಾಲಕ್ಕೆ ಹೋಗುವ ದಾರಿ. ರೂಟರ್ ಪಾಸ್‌ವರ್ಡ್ ಇಲ್ಲದೆ ಒಳಹೋಗುವಂತೆ ಅದರ ಎಸ್‌ಎಸ್‌ಎಚ್ ಸಾರ್ವಜನಿಕ ಕೀಲಿಯನ್ನು ಎರಡೂ ತುದಿಗೆ ನಕಲಿಸಿ, ಮೂರೂ ಯಂತ್ರಗಳ ಸ್ನ್ಯಾಪ್‌ಶಾಟ್ (ಬೇಕಾದಾಗ ಹಿಂತಿರುಗಬಹುದಾದ ಈಗಿನ ಸ್ಥಿತಿಯ ಪ್ರತಿ) ತೆಗೆದಿಡಿ.

ಈಗ ಎಡದಿಂದ ಬಲಕ್ಕೆ ಪಿಂಗ್ ಮಾಡಿದರೆ, ಅಂದರೆ ಸಂಪರ್ಕವಿದೆಯೇ ಎಂದು ಸಣ್ಣ ಸಂದೇಶ ಕಳಿಸಿ ನೋಡಿದರೆ, ಉತ್ತರ ಬರುವುದಿಲ್ಲ. ಇಲ್ಲಿ ಅವಸರ ಬೇಡ; ಈ ಇಡೀ ಅಭ್ಯಾಸದಲ್ಲಿ ಅತಿ ಹೆಚ್ಚು ಕಲಿಸುವ ಘಟ್ಟ ಇದೇ. ರೂಟರ್‌ನಲ್ಲಿ ಟಿಸಿಪಿಡಂಪ್ ನಡೆಸಿ ಎರಡೂ ಬದಿಯನ್ನು ಗಮನಿಸಿ: ಎಡ ಅಡಾಪ್ಟರ್‌ಗೆ ಪ್ಯಾಕೆಟ್‌ಗಳು (ಮಾಹಿತಿಯ ತುಣುಕುಗಳು) ಬರುತ್ತಿರುತ್ತವೆ, ಬಲದಿಂದ ಒಂದೂ ಹೊರಬೀಳುವುದಿಲ್ಲ. ತನ್ನದಲ್ಲದ ಪ್ಯಾಕೆಟ್ಟನ್ನು ಲಿನಕ್ಸ್ ತಾನಾಗಿ ಮುಂದಕ್ಕೆ ಕಳಿಸದಿರುವುದೇ ಇದಕ್ಕೆ ಕಾರಣ. ರೂಟರ್‌ನಲ್ಲಿ ಐಪಿ ಫಾರ್ವರ್ಡಿಂಗ್ ಎಂಬ ಸೆಟ್ಟಿಂಗ್ ಅನ್ನು 0ಯಿಂದ 1ಕ್ಕೆ ಬದಲಿಸಿದ ಕೂಡಲೇ ಉತ್ತರ ಬರತೊಡಗುತ್ತದೆ. ಉತ್ತರದ ಸಾಲಿನಲ್ಲಿರುವ ಟಿಟಿಎಲ್ ಸಂಖ್ಯೆಯನ್ನೂ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆ) ನೋಡಿ: ಲಿನಕ್ಸ್ 64 ಎಂದು ಕಳಿಸಿದ್ದನ್ನು ರೂಟರ್ ಒಂದು ಇಳಿಸಿರುವುದರಿಂದ ಅಲ್ಲಿ 63 ಇರುತ್ತದೆ.

ಕೈಯಾರೆ ಮಾಡಿ ಅರ್ಥವಾದ ಮೇಲಷ್ಟೇ ಆಟೊಮೇಷನ್‌ಗೆ ಇಳಿಯುವುದು ಒಳ್ಳೆಯದು; ಪ್ಯಾಕೆಟ್ ಎಲ್ಲಿ ನಿಂತಿತೆಂದು ಹುಡುಕಲು ಬಾರದವರಿಗೆ ಸ್ಕ್ರಿಪ್ಟ್ ಕೈಕೊಟ್ಟಾಗ ದಾರಿ ತೋಚುವುದಿಲ್ಲ. ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿ, ರೂಟರ್‌ನಲ್ಲಿ ಒಂದು ಆನ್ಸಿಬಲ್ ಪ್ಲೇಬುಕ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯ ಕಡತ ಬರೆಯಿರಿ. ಫಾರ್ವರ್ಡಿಂಗ್ ಅನ್ನು ಶಾಶ್ವತವಾಗಿ 1 ಮಾಡುವುದು ಅದರ ಮೊದಲ ಕೆಲಸ. ಎರಡೂ ತುದಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಎದುರಿನ ತುದಿಗೆ ಪಿಂಗ್ ಮಾಡಿಸುವುದು ಎರಡನೆಯದು. ಪ್ಲೇಬುಕ್ ವೈಎಎಂಎಲ್ (ಖಾಲಿ ಜಾಗದಿಂದಲೇ ರಚನೆ ತಿಳಿಸುವ ಬರವಣಿಗೆಯ ವಿಧಾನ) ರೂಪದಲ್ಲಿರುವುದರಿಂದ ಸಾಲಿನ ಮೊದಲ ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಅದು ಓಡುವುದಿಲ್ಲ. ಟ್ಯಾಬ್ ಒತ್ತದೆ ಸ್ಪೇಸ್ ಮಾತ್ರ ಬಳಸಿ. ಒಮ್ಮೆ ಓಡಿಸಿದಾಗ ಸೆಟ್ಟಿಂಗ್ ಬದಲಾಯಿತೆಂದು ಆನ್ಸಿಬಲ್ ವರದಿ ಮಾಡುತ್ತದೆ. ಏನನ್ನೂ ಮುಟ್ಟದೆ ಮತ್ತೊಮ್ಮೆ ಓಡಿಸಿದಾಗ ಅದೇ ಕೆಲಸಕ್ಕೆ ಬದಲಾವಣೆ ಇಲ್ಲವೆಂದು ಬಂದರೆ ಪ್ಲೇಬುಕ್ ಸರಿಯಾಗಿದೆ.