ಎಡಗಡೆ ಸೀಟು ಅದೇ, ಕೆಲಸ ಬೇರೆ: ಏರ್‌ಫೋರ್ಸ್ ಬಿಟ್ಟು ಜುಹುಗೆ ಹೋದ ನನ್ನ ಅನುಭವ

ತಿಂಗಳಿಗೆ ಎರಡು ಮೂರು ಫೋನ್ ಬರುತ್ತೆ, ಯಾವುದೋ ಯೂನಿಟ್‌ನಲ್ಲಿರೋ ಹುಡುಗ್ರು, "ಸಾರ್ ಏರ್‌ಫೋರ್ಸ್ ಬಿಡೋಕೆ ಪೇಪರ್ಸ್ ಹಾಕ್ಬೇಕು ಅಂತಿದೀನಿ, ಹೊರಗೆ ಹಾರಾಟದ ಅವರ್ಸ್ ಎಷ್ಟು ಕೇಳ್ತಾರೆ, ಎಷ್ಟು ಕೊಡ್ತಾರೆ" ಅಂತ. ಲಾಗ್‌ಬುಕ್, ಅಂದ್ರೆ ಹಾರಾಟದ ಲೆಕ್ಕದ ಪುಸ್ತಕ, ಹೆಂಗಿಟ್ಟಿದೀಯಪ್ಪ ಅಂತ ನಾನು ಕೇಳಿದ್ರೆ ಆ ಕಡೆ ಸದ್ದೇ ಇಲ್ಲ. ಪ್ರತಿ ಸಲ ಅದನ್ನೇ ಹೇಳಿ ಸಾಕಾಯ್ತು, ಒಂದ್ಸಲ ಬರೆದೇ ಬಿಡೋಣ ಅಂತ ಕೂತಿದೀನಿ.

ನಾನು ಹೊಳೆನರಸೀಪುರದ ಕಡೆಯೋನು. ಹಕೀಂಪೇಟೆಯಲ್ಲಿ ಚೇತಕ್ ಹೆಲಿಕಾಪ್ಟರ್ ಕಲ್ತು, 2000ದಲ್ಲಿ ದುಂಡಿಗಲ್ ಅಕಾಡೆಮಿಯಿಂದ ಆಫೀಸರ್ ಆಗಿ ಕಮಿಷನ್ ಆಗಿ, ಯಲಹಂಕದಲ್ಲಿ ಎಂಐ-17 ಅನ್ನೋ ರಷ್ಯನ್ ಹೆಲಿಕಾಪ್ಟರ್ ಹಿಡಿದೋನು ಆಮೇಲೆ ಅದನ್ನ ಬಿಡಲೇ ಇಲ್ಲ. 2013ರಲ್ಲಿ ಉತ್ತರಾಖಂಡದ ಪ್ರವಾಹದಲ್ಲಿ ಗೌಚರ್‌ನಿಂದ ಜನ ಎತ್ತಿದ್ದು, 2018ರ ಕೇರಳ, 2019ರಲ್ಲಿ ಬಂಡೀಪುರದ ಬೆಂಕಿಗೆ ಹೆಲಿಕಾಪ್ಟರ್ ಕೆಳಗೆ ನೇತುಹಾಕೋ ಬಾಂಬಿ ಬಕೆಟ್‌ನಲ್ಲಿ ನೀರು ಸುರಿದಿದ್ದು, ಮಿಕ್ಕಿದ್ದೆಲ್ಲ ಈಶಾನ್ಯದಲ್ಲಿ ರೇಷನ್ನು ಸೀಮೆಎಣ್ಣೆ ಹೊತ್ತಿದ್ದೇ ಹೊತ್ತಿದ್ದು. ವಿಂಗ್ ಕಮಾಂಡರ್ ಆಗಿ 2021ರಲ್ಲಿ ಹೊರಗೆ ಬಂದೆ.

ಯಾಕೆ ಬಿಟ್ಟೆ ಅಂದ್ರೆ ದೊಡ್ಡ ಕಾರಣ ಏನಿಲ್ಲ. 20 ವರ್ಷ ಆದ್ರೆ ಆಫೀಸರ್‌ಗೆ ಪೆನ್ಷನ್ ಸಿಗುತ್ತೆ, ಮುಂದಿನ ಪೋಸ್ಟಿಂಗ್‌ನಲ್ಲಿ ಫೈಲು ಜಾಸ್ತಿ ಹಾರಾಟ ಕಮ್ಮಿ ಅನ್ನೋದು ಕಾಣ್ತಿತ್ತು, ಮಗಳು ಎಂಟನೇ ಕ್ಲಾಸಿಗೆ ಐದನೇ ಸ್ಕೂಲು ನೋಡಿದ್ಲು. ಶಾರ್ಟ್ ಸರ್ವೀಸ್‌ನವರ ಲೆಕ್ಕ ಬೇರೆ, ಅವ್ರು 14 ವರ್ಷಕ್ಕೆ ಪೆನ್ಷನ್ ಇಲ್ದೇ ಬರ್ತಾರೆ, ಅವ್ರು ನನಗಿಂತ ಇನ್ನೂ ಮುಂಚೆ ಶುರು ಮಾಡ್ಬೇಕು. ಕೋರ್ಸ್‌ಮೇಟ್ಸ್ ಇಬ್ರು ರೀಸೆಟಲ್‌ಮೆಂಟ್ ಡೈರೆಕ್ಟರೇಟ್ ಕಡೆಯಿಂದ ಐಐಎಂನಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿ ವೇರ್‌ಹೌಸ್ ಕಂಪನಿ ಸೇರ್ಕೊಂಡ್ರು, ಚೆನ್ನಾಗೇ ಇದಾರೆ. ನನಗೆ ಹಾರಬೇಕಿತ್ತು ಅಷ್ಟೇ.

ಕೋವಿಡ್ ಟೈಮು ಬೇರೆ, ಏರ್‌ಲೈನ್‌ನವರೇ ಸಂಬಳ ಕಟ್ ಮಾಡಿ ಕೂತಿದ್ರು, ನೆಂಟರೆಲ್ಲ "ಇಂಥ ಹೊತ್ನಲ್ಲಿ ಸರ್ಕಾರಿ ಕೆಲಸ ಬಿಡ್ತಾರೇನೋ" ಅಂತ ಬೈದ್ರು. ಹೆಲಿಕಾಪ್ಟರ್‌ನೋನಿಗೆ ಏರ್‌ಲೈನ್ ಬಾಗಿಲು ಹೆಂಗೂ ನೇರವಾಗಿ ತೆರೆಯಲ್ಲ, ಅದಕ್ಕೆ ಬೇರೆಯದೇ ಲೈಸೆನ್ಸ್ ಬೇಕು, ವಿಮಾನದ ಗಂಟೆಗಳನ್ನ ಕೈಯಿಂದ ದುಡ್ಡು ಹಾಕಿ ಮಾಡ್ಬೇಕು, 43ನೇ ವಯಸ್ಸಿಗೆ ನನಗದು ಬೇಡ ಅನ್ನಿಸ್ತು. ಉಳಿದಿದ್ದು ಮೂರು: ವಿಐಪಿ ಚಾರ್ಟರು, ಕೇದಾರನಾಥದ ಶಟಲ್ಲು, ಮುಂಬೈನಿಂದ ಆಫ್‌ಶೋರ್, ಅಂದ್ರೆ ಸಮುದ್ರದ ಎಣ್ಣೆ ಬಾವಿಗಳಿಗೆ ಜನ ಸಾಗಿಸೋದು. ಆ ಕೇದಾರ ಕಣಿವೆಯನ್ನ 2013ರಲ್ಲಿ ಕಣ್ತುಂಬ ನೋಡಿ ಆಗಿತ್ತು. ಚಾರ್ಟರ್‌ನಲ್ಲಿ ಚುನಾವಣೆ ಬಂದ್ರೆ ಸುಗ್ಗಿ, ಆದ್ರೆ ಭಾಷಣ ಮುಗಿಸಿ ಸೂರ್ಯ ಮುಳುಗೋ ಹೊತ್ತಿಗೆ ಬಂದು "ಹೊರಡೋಣ ಕ್ಯಾಪ್ಟನ್" ಅನ್ನೋ ಸಾಹೇಬರ ಜೊತೆ ವಾದ ಮಾಡೋ ತಾಳ್ಮೆ ನನಗಿಲ್ಲ. ಎಣ್ಣೆ ಬಾವಿಗೆ ಮಾತ್ರ ಕೋವಿಡ್ ಆದ್ರೇನು ಇನ್ನೊಂದಾದ್ರೇನು ಜನ ಹೋಗ್ಲೇಬೇಕು ಬರ್ಲೇಬೇಕು. ಅದಕ್ಕೆ ಆಫ್‌ಶೋರ್.

ಈಗ ಲಾಗ್‌ಬುಕ್. ನನ್ನ ಹತ್ರ ಮೂರು ದಪ್ಪ ಪುಸ್ತಕ, ಎಲ್ಲಾ ಸರ್ವೀಸ್ ಫಾರ್ಮ್ಯಾಟ್‌ನಲ್ಲಿ. ನಮ್ಮಲ್ಲಿ ಒಂದು ಸಾರ್ಟಿ, ಅಂದ್ರೆ ಒಂದು ಹಾರಾಟದಲ್ಲಿ, ಏನು ಕೆಲಸ ಮಾಡ್ದೆ ಅನ್ನೋದು ಮುಖ್ಯ, ಸಿವಿಲ್ ಲೈಸೆನ್ಸ್ ಕೊಡೋ ಡಿಜಿಸಿಎಗೆ ಬೇಕಾಗಿರೋದು ನೀನೇ ಕಮಾಂಡ್ ಮಾಡಿದ್ದೆಷ್ಟು, ಕೋ-ಪೈಲಟ್ ಆಗಿದ್ದೆಷ್ಟು, ರಾತ್ರಿ ಎಷ್ಟು, ಕ್ರಾಸ್ ಕಂಟ್ರಿ (ಒಂದು ಕಡೆಯಿಂದ ದೂರದ ಇನ್ನೊಂದು ಕಡೆಗೆ) ಎಷ್ಟು, ಹೊರಗೆ ನೋಡದೇ ಬರೀ ಇನ್‌ಸ್ಟ್ರುಮೆಂಟ್ ನೋಡಿ ಹಾರಿದ್ದೆಷ್ಟು ಅಂತ. ಕ್ರಾಸ್ ಕಂಟ್ರಿ ಅಂತ ನಾನು ಬೇರೆ ಬರೆದೇ ಇರ್ಲಿಲ್ಲ, ದಿನಾ ಹೋಗ್ತಿದ್ದದ್ದೇ ಅದು ತಾನೇ. ಹಿಂದಿನ ಇಪ್ಪತ್ತು ವರ್ಷದ ಒಂದೊಂದು ಲೈನನ್ನೂ ಎಕ್ಸೆಲ್‌ಗೆ ಹಾಕಿದ್ದು ನನ್ನ ಹೆಂಡ್ತಿ, ನಾನು ಓದಿ ಹೇಳೋದು ಅವ್ಳು ಟೈಪ್ ಮಾಡೋದು, ಲಾಕ್‌ಡೌನ್‌ನ ಎರಡು ತಿಂಗಳು ಅದರಲ್ಲೇ ಹೋಯ್ತು. 2007ರ ಒಂದು ಪುಟದಲ್ಲಿ ಟೋಟಲ್ ತಪ್ಪಿತ್ತು, ಅದರ ಮುಂದಿನ ಪುಟಗಳೆಲ್ಲ ಅದೇ ತಪ್ಪನ್ನ ಹೊತ್ಕೊಂಡು ಬಂದಿದ್ವು, ಎಲ್ಲಾದ್ರ ಕೆಳಗೂ ಯಾರ್ಯಾರೋ ಫ್ಲೈಟ್ ಕಮಾಂಡರ್ ಸೈನು. "ರೀ, ಇವ್ರೆಲ್ಲ ಕೂಡಿಸಿ ನೋಡದೇ ಸೈನ್ ಹಾಕಿದಾರಾ" ಅಂದ್ಲು. ಅದರಲ್ಲಿ ಒಂದು ಸೈನು ನನ್ನ ಬೆಸ್ಟ್ ಫ್ರೆಂಡ್‌ದು. ಸರ್ವೀಸ್‌ನಲ್ಲಿದ್ದಾಗಲೇ ಇದನ್ನ ಸರಿ ಮಾಡಿಸ್ಕೊಳ್ಳಿ, ಹೊರಗೆ ಬಂದ್ಮೇಲೆ ಗೇಟ್ ಪಾಸ್ ಮಾಡಿಸ್ಕೊಂಡು ಒಳಗೆ ಹೋಗಿ ಯೂನಿಟ್‌ನ ಹಾರಾಟದ ಹಳೇ ಆಥರೈಸೇಶನ್ ಪುಸ್ತಕ ಹುಡುಕೋ ಕಷ್ಟ ನಮ್ಮ ಶತ್ರುವಿಗೂ ಬೇಡ.

ಸಿವಿಲ್ ಲೈಸೆನ್ಸ್‌ನ ಪರೀಕ್ಷೆ ಅಂಥಾ ಕಷ್ಟ ಏನಲ್ಲ, ಕಂಪ್ಯೂಟರ್ ನಂಬರ್ ಅಂತ ಡಿಜಿಸಿಎ ಕೊಡೋ ಪರೀಕ್ಷೆ ನಂಬರ್ ತಗೊಂಡು, ಏರ್ ರೆಗ್ಯುಲೇಶನ್ಸು ಅದು ಇದು ಓದಿ ನೂರಕ್ಕೆ 70 ತೆಗೀಬೇಕು. ಹೊರಗೆ ಬರೋಕೆ ಎರಡು ವರ್ಷ ಮುಂಚೆ ಶುರು ಮಾಡಿದ್ರೆ ಆರಾಮ. ನಾನು ಬಿದ್ದಿದ್ದು ಆರ್‌ಟಿಆರ್‌ನಲ್ಲಿ, ಅಂದ್ರೆ ರೇಡಿಯೋದಲ್ಲಿ ಮಾತಾಡೋ ಲೈಸೆನ್ಸು, ಆಗ ಅದನ್ನ ಟೆಲಿಕಾಂ ಇಲಾಖೆ ನಡೆಸ್ತಿತ್ತು. ಇಪ್ಪತ್ತು ವರ್ಷ ರೇಡಿಯೋದಲ್ಲಿ ಮಾತಾಡಿದ ನಾನು, ಪಕ್ಕದ ಬೆಂಚಿನ ಇಪ್ಪತ್ತರ ಹುಡುಗಿ ಪಾಸಾದ ದಿನ ಫೇಲು. ಎಮರ್ಜೆನ್ಸಿ ಕೊಟ್ರು, ನಾನು ನಮ್ಮ ಯೂನಿಟ್ ಅಭ್ಯಾಸದಲ್ಲಿ ಒಂದೇ ಸಲ ಮೇಡೇ ಅಂದು ನೇರ ವಿಷಯಕ್ಕೆ ಹೋದೆ. ಮೂರು ಸಲ ಅನ್ಬೇಕು, ಕಾಲ್ ಸೈನು, ಏನಾಗಿದೆ, ಏನ್ ಮಾಡ್ತೀನಿ, ಎಲ್ಲಿದೀನಿ, ಎಷ್ಟು ಜನ ಇದೀವಿ, ಎಲ್ಲಾ ಹೇಳ್ಬೇಕು. ಎರಡನೇ ಸಲ ಮನೇಲಿ ಮಗಳನ್ನೇ ಎಟಿಸಿ ಮಾಡ್ಕೊಂಡು ಪ್ರಾಕ್ಟೀಸ್ ಮಾಡಿ ಪಾಸಾದೆ.

ಆಮೇಲೆ ಬೆಲ್ 412, ಆಫ್‌ಶೋರ್‌ಗೆ ನಾನು ಹಾರಿಸ್ಬೇಕಿದ್ದ ಅಮೆರಿಕನ್ ಹೆಲಿಕಾಪ್ಟರ್. ಸಿಮ್ಯುಲೇಟರ್ ಟ್ರೈನಿಂಗು ನಮ್ಮ ಬೆಂಗಳೂರಲ್ಲೇ, ಎಚ್‌ಎಎಲ್ಲೂ ಸಿಎಇ ಅನ್ನೋ ಕೆನಡಾ ಕಂಪನಿನೂ ಸೇರಿ ಮಾಡಿರೋ ಹ್ಯಾಟ್ಸಾಫ್ ಅನ್ನೋ ಸೆಂಟರ್‌ನಲ್ಲಿ. ಎಂಐ-17 ಅಂದ್ರೆ ತನ್ನ ತೂಕವೂ ಸೇರಿ 13 ಟನ್ ಎತ್ತೋ ಎಮ್ಮೆ, ಇದು ಐದೂವರೆ ಟನ್ನಿಗೂ ಕಮ್ಮಿ, ಏನ್ ಮಹಾ ಅಂತ ಹೋದೆ. ಆದ್ರೆ ರಷ್ಯಾದ ರೋಟರ್ ಮೇಲಿಂದ ನೋಡಿದ್ರೆ ಗಡಿಯಾರದ ದಿಕ್ಕಿಗೆ ತಿರುಗುತ್ತೆ, ಅಮೆರಿಕದ್ದು ಉಲ್ಟಾ. ಎಂಐನಲ್ಲಿ ಕಲೆಕ್ಟಿವ್, ಅಂದ್ರೆ ಹೆಲಿಕಾಪ್ಟರನ್ನ ಮೇಲೆತ್ತೋ ಲಿವರು, ಎತ್ತಿದ್ರೆ ಮೂಗು ಎಡಕ್ಕೆ ಎಳೆಯುತ್ತೆ, ಬಲಗಾಲು ಒತ್ತಿ ಹಿಡೀತೀವಿ. ಬೆಲ್‌ನಲ್ಲಿ ಬಲಕ್ಕೆ ಎಳೆಯುತ್ತೆ, ಎಡಗಾಲು ಒತ್ಬೇಕು. ತಲೆಗೆ ಗೊತ್ತು, ಕಾಲಿಗೆ ಯಾರು ಹೇಳೋದು? ಮೊದಲ ಹೋವರ್‌ನಲ್ಲಿ, ಅಂದ್ರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸೋವಾಗ, ಕಲೆಕ್ಟಿವ್ ಎತ್ತಿದೆ, ಬಲಗಾಲು ತಾನಾಗೇ ಹೋಯ್ತು, ಸಿಮ್ಯುಲೇಟರ್ ಬುಗುರಿ ಥರ ಸುತ್ತಿತು. ಇನ್‌ಸ್ಟ್ರಕ್ಟರ್ ನಗ್ಲಿಲ್ಲ, "ಎಂಐನಿಂದ ಬಂದೋರೆಲ್ಲ ಹೀಗೇ ಸಾರ್" ಅಂದ್ರು. ಎಮರ್ಜೆನ್ಸಿ ಕೊಟ್ಟಾಗ, ಸುಸ್ತಾದಾಗ, ಹಳೇ ಕಾಲು ವಾಪಸ್ ಬರ್ತಿತ್ತು, ಅದು ಪೂರ್ತಿ ಹೋಗೋಕೆ ತಿಂಗಳುಗಟ್ಟಲೆ ಆಯ್ತು.

ಇನ್ನೊಂದು ತಮಾಷೆ ಇದೆ. ರಷ್ಯನ್ ಹೆಲಿಕಾಪ್ಟರ್‌ನಲ್ಲಿ ಕ್ಯಾಪ್ಟನ್ ಎಡಗಡೆ ಕೂತ್ಕೋತಾನೆ, ಇಲ್ಲಿ ಕ್ಯಾಪ್ಟನ್ ಬಲಗಡೆ, ಕೋ-ಪೈಲಟ್ ಎಡಗಡೆ. ಹಾಗಾಗಿ ವರ್ಷಗಟ್ಟಲೆ ಕ್ಯಾಪ್ಟನ್ ಆಗಿ ಕೂತಿದ್ದ ಎಡಗಡೆ ಸೀಟಲ್ಲೇ ಕೋ-ಪೈಲಟ್ ಆಗಿ ಹೋಗಿ ಕೂತೆ. ಬಲಗಡೆ ಕೂತಿದ್ದ ಹುಡುಗನಿಗೆ 31 ವರ್ಷ, ನಾನು ಕಮಿಷನ್ ಆದಾಗ ಅವನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ಬ್ಯಾಗ್ ನಾನೇ ಹೊತ್ಕೊಂಡು, ಲೋಡ್ ಶೀಟ್ ನಾನೇ ತುಂಬಿ, ಅವನ ಸೈನ್ ತಗೊಳ್ಬೇಕು. ಇದು ನುಂಗೋಕೆ ಆಗಲ್ಲ ಅನ್ನೋರು ಬರ್ಲೇಬೇಡಿ, ಮೂರೇ ತಿಂಗಳಿಗೆ ಬಿಟ್ಟು ಹೋದೋರನ್ನ ನೋಡಿದೀನಿ, ಒಳ್ಳೇ ಪೈಲಟ್‌ಗಳು ಅವ್ರು.

ಆಫ್‌ಶೋರ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೀನಿ. ಮುಂಬೈನ ಜುಹು 1928ರಿಂದ ಇರೋ ಏರೋಡ್ರೋಮು, ಜೆಆರ್‌ಡಿ ಟಾಟಾ 1932ರಲ್ಲಿ ಕರಾಚಿಯಿಂದ ಟಪಾಲು ತಂದು ಇಳಿದ ಜಾಗ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ಬರೀ ನೀರು, ಆಮೇಲೆ ಬಾಂಬೆ ಹೈ ಅನ್ನೋ ಎಣ್ಣೆ ಕ್ಷೇತ್ರ. ಒಎನ್‌ಜಿಸಿಯವ್ರು 14 ದಿನ ಅಲ್ಲಿ, 14 ದಿನ ಮನೇಲಿ, ಆ ಹೋಗೋರು ಬರೋರನ್ನ ಸಾಗಿಸೋದು ನಮ್ಮ ಕೆಲಸ. ಸಮುದ್ರದ ಮಧ್ಯೆ ನಿಂತಿರೋ ರಿಗ್ ಮೇಲೆ ಇಳಿಯೋಕೆ ಒಂದು ಹಳದಿ ವೃತ್ತ, ಒಂದು ಎಚ್ ಅಕ್ಷರ, ಪಕ್ಕದಲ್ಲಿ ಕ್ರೇನು, ಒಂದು ಕಡೆ ಗ್ಯಾಸ್ ಉರೀತಿರೋ ಜ್ವಾಲೆ. ಅದಕ್ಕೂ ಮುಂಚೆ ಹ್ಯೂಯೆಟ್ ಅಂತ ಟ್ರೈನಿಂಗು, ಹೆಲಿಕಾಪ್ಟರ್ ಡಬ್ಬದಲ್ಲಿ ಕೂರ್ಸಿ ಬೆಲ್ಟ್ ಹಾಕಿ ಈಜುಕೊಳಕ್ಕೆ ಮುಳುಗ್ಸಿ ತಲೆಕೆಳಗೆ ಮಾಡ್ತಾರೆ, ಕಿಟಕಿ ಚೌಕಟ್ಟನ್ನ ಒಂದು ಕೈಯಲ್ಲಿ ಹಿಡ್ಕೊಂಡಿರ್ಬೇಕು, ಲೈಫ್ ಜಾಕೆಟ್ ಹೊರಗೆ ಬಂದ ಮೇಲೇ ಊದ್ಬೇಕು, ಒಳಗೇ ಊದಿದ್ರೆ ಮೇಲಕ್ಕೆ ತೇಲಿ ಅಲ್ಲೇ ಸಿಕ್ಕಾಕ್ಕೊಳ್ತೀವಿ. 2018ರ ಜನವರಿಯಲ್ಲಿ ಜುಹುನಿಂದ ಹೊರಟ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಏಳು ಜನ ಹೋದ್ರಲ್ಲ, ಅದು ಮನೇಲಿ ಎಲ್ರಿಗೂ ನೆನಪಿತ್ತು, ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಅಮ್ಮ ಮಾತ್ರ, "ಇಪ್ಪತ್ ವರ್ಷ ಬೆಟ್ಟದ ಮೇಲ್ ಹಾರಿದ್ದು ಸಾಲ್ದು ಅಂತ ಈಗ ನೀರಿನ್ ಮೇಲೇನೋ" ಅಂದ್ರು.

ಕಾಲಿನ ಅಭ್ಯಾಸಕ್ಕಿಂತ ಬಿಡೋಕೆ ಕಷ್ಟ ಆಗಿದ್ದು ಇನ್ನೊಂದು. ಮೊದಲ ಮಳೆಗಾಲ, ನಾನು ಹಾರಿಸ್ತಿದ್ದೆ, ರಿಗ್ ಕಾಣ್ತಿಲ್ಲ, ಮಳೆಯ ಪರದೆ. ಇಲ್ಲೇ ಎಲ್ಲೋ ಇದೆ, ಇನ್ನೊಂದು ಚೂರು ಇಳಿದು ನೋಡೋಣ ಅಂತ ನನ್ನ ಕೈ ತಾನಾಗೇ ಇಳೀತಾ ಇತ್ತು. ಕಣಿವೆಯಲ್ಲಿ ಅದನ್ನೇ ಮಾಡಿದ್ದು, ಆ ಕಡೆ ಗಾಯ ಆದೋರು ಕಾಯ್ತಿರ್ತಾರೆ, ಹೋಗ್ಲೇಬೇಕು. ಬಲಗಡೆ ಹುಡುಗ ಮಾಮೂಲಿ ದನಿಯಲ್ಲಿ "ಗೋ ಅರೌಂಡ್" ಅಂದ, ಅಂದ್ರೆ ಇಳಿಯೋದು ಬಿಟ್ಟು ಮೇಲೆತ್ತು ಅಂತ. ಎರಡನೇ ಸಲ ಹೇಳೋಕೆ ಮುಂಚೆ ಎತ್ತಿದೆ, ಆದ್ರೆ ಮುಖಕ್ಕೆ ರಕ್ತ ನುಗ್ಗಿದ್ದು ನಿಜ. ಇಳಿದ ಮೇಲೆ ಚಹಾ ಕುಡೀತಾ ಅವನು ಕೇಳ್ದ, "ಸಾರ್, ಅಲ್ಲಿ ಯಾರು ಸಾಯ್ತಿದ್ರು?" ಯಾರೂ ಇಲ್ಲ. ಹತ್ತು ಜನ ಡ್ಯೂಟಿ ಮುಗಿಸಿ ಮನೆಗೆ ಹೋಗೋಕೆ ಬ್ಯಾಗ್ ಕಟ್ಕೊಂಡಿದ್ರು. ಆ ಪ್ರಶ್ನೆಗೆ ಉತ್ತರ ಇಲ್ದೇ ಎರಡು ದಿನ ನಿದ್ದೆ ಬರ್ಲಿಲ್ಲ. ಏರ್‌ಫೋರ್ಸ್‌ನಲ್ಲಿ ಅಜಾಗರೂಕತೆ ಕಲಿಸ್ತಾರೆ ಅಂತ ಖಂಡಿತ ಅಲ್ಲ, ಅಲ್ಲಿ ರಿಸ್ಕಿಗೆ ಆ ಕಡೆ ಒಂದು ಜೀವದ ಬೆಲೆ ಇರುತ್ತೆ, ಇಲ್ಲಿ ಅದು ಇರಲ್ಲ, ಆದ್ರೆ ಕೈಗೆ ಅದು ಗೊತ್ತಾಗಲ್ಲ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ಗ್ರಾಚ್ಯುಟಿ, ಡಿಎಸ್‌ಒಪಿ ಅನ್ನೋ ಪ್ರಾವಿಡೆಂಟ್ ಫಂಡು, ಕಮ್ಯುಟೇಶನ್ ಅಂದ್ರೆ ಪೆನ್ಷನ್‌ನ ಒಂದು ಭಾಗದ ಬದಲು ಮುಂಚೆಯೇ ಸಿಗೋ ದುಡ್ಡು, ಎಲ್ಲಾ ಒಟ್ಟಿಗೆ ಬರುತ್ತೆ, ಬಂದ ವಾರವೇ ಸೈಟು ತೋರ್ಸೋಕೆ ಭಾವಮೈದ ಬರ್ತಾನೆ. ಒಂದು ವರ್ಷ ಮುಟ್ಟಬೇಡಿ. ಲೈಸೆನ್ಸ್ ಕೈಗೆ ಬರೋದು, ಆ ಹೆಲಿಕಾಪ್ಟರ್ ಹಾರಿಸೋಕೆ ಬೇಕಾದ ಟೈಪ್ ರೇಟಿಂಗು, ಕಂಪನಿ ಟ್ರೈನಿಂಗು ಎಲ್ಲಾ ಸೇರಿ ನನಗೆ ಸಂಬಳ ಇಲ್ಲದ ಎಂಟು ತಿಂಗಳು ಆಯ್ತು, ಆಗ ಮನೆ ನಡೆದಿದ್ದು ಪೆನ್ಷನ್‌ನಲ್ಲಿ, ಆಸ್ಪತ್ರೆಗೆ ಮಾಜಿ ಸೈನಿಕರ ಇಸಿಎಚ್‌ಎಸ್ ಕಾರ್ಡು. ಕ್ವಾರ್ಟರ್ಸ್ ಬಿಟ್ಟ ಮೇಲೆ ಬೆಂಗಳೂರಿನ ಬಾಡಿಗೆ ಅಡ್ವಾನ್ಸು ಕೇಳಿ ತಲೆ ತಿರುಗಿದ್ದು ಬೇರೆ ವಿಷಯ.

ಕಳೆದ ವರ್ಷ ಬಲಗಡೆ ಸೀಟಿಗೆ ಬಂದೆ. ಆಗಸ್ಟ್‌ನಲ್ಲಿ ಒಂದಿನ, ರಿಗ್‌ಗೆ ಇನ್ನು ಹತ್ತು ನಿಮಿಷ ಇದೆ ಅನ್ನೋವಾಗ ಅದೇ ಥರ ಮಳೆಯ ಪರದೆ, ಒಂದು ಸಲ ನೋಡ್ದೆ, ತಿರುಗ್ಸಿದೆ. ಜುಹುನಲ್ಲಿ ಇಳಿದ್ಮೇಲೆ ಹಿಂದೆ ಕೂತಿದ್ದ ಹುಬ್ಬಳ್ಳಿ ಕಡೆಯ ಟೆಕ್ನಿಷಿಯನ್ ಒಬ್ರು ನನ್ನ ಹೆಸರಿನ ಪಟ್ಟಿ ನೋಡಿ ಕನ್ನಡದಲ್ಲೇ, "ಚಲೋ ಆತ್ ಬಿಡ್ರಿ ಸರ್, ಇನ್ನೊಂದ್ ರಾತ್ರಿ ನೆಲದ ಮ್ಯಾಲ ಮಲಗ್ತೇವಿ" ಅಂದು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋದ್ರು. ಆ ಕಡೆ ರಿಗ್‌ನಲ್ಲಿ ಬ್ಯಾಗ್ ಕಟ್ಕೊಂಡು ಕೂತಿದ್ದೋರು ನನಗೆ ಏನಂದ್ರೋ ಗೊತ್ತಿಲ್ಲ.