ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ವಿಎಂನಲ್ಲಿ ಉಬುಂಟು 24.04: ನನ್ನ ಅನುಭವ

ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ನಮ್ಮ ಲ್ಯಾಬ್ ಸರ್ವರ್‌ನಲ್ಲಿ ಉಬುಂಟು ಲಿನಕ್ಸ್‌ನ 24.04 ಓಡಲ್ಲ ಅಂತ ಎಲ್ಲರೂ ಹೇಳಿದ್ದರು. ಈಗ ಹದಿನೈದು ಹದಿನಾರು ವಿಎಂ (ವರ್ಚುವಲ್ ಮೆಷಿನ್, ಒಂದೇ ಸರ್ವರಿನೊಳಗೆ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಆರಾಮಾಗಿ ಓಡುತ್ತಿವೆ. ಕಾರ್ಡ್ ಬಂದೇ ಇಲ್ಲ.

ನಮ್ಮದು ಸೆಕೆಂಡ್ ಹ್ಯಾಂಡ್ ಝಿಯಾನ್ ಸರ್ವರ್, ವಿಎಂ ಓಡಿಸಲು ಕೆವಿಎಂ, ವಿಎಂಗೆ ಕ್ಯೂಎಕ್ಸ್‌ಎಲ್ ಅನ್ನುವ ವರ್ಚುವಲ್ ಡಿಸ್‌ಪ್ಲೇ. ಹುಡುಗರು ಹಳೆಯ ಪಿಸಿಗಳಿಂದ ಸ್ಪೈಸ್‌ನಲ್ಲಿ (ವಿಎಂ ಪರದೆಯನ್ನು ನೆಟ್‌ವರ್ಕ್ ಮೇಲೆ ತೋರಿಸುವ ವ್ಯವಸ್ಥೆ) ನೋಡುತ್ತಾರೆ. 22.04 ಇದ್ದಾಗ ತಕರಾರಿರಲಿಲ್ಲ. ಕೋರ್ಸಿಗೆ ಪೈಥಾನ್ 3.12 ಬೇಕಾಯಿತು, ಅಪ್‌ಗ್ರೇಡ್ ಮಾಡಿದೆವು. ಅವತ್ತಿಂದ ಫೋಲ್ಡರ್ ಸ್ಕ್ರೋಲ್ ಮಾಡಿದರೆ ತಡೆತಡೆದು ಬರುತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾಡಿದರೆ ಸರ್ವರ್ ಫ್ಯಾನಿನ ಸದ್ದು ಪಕ್ಕದ ಕ್ಲಾಸಿಗೂ ಕೇಳುತ್ತಿತ್ತು.

ಮೊದಲು ರ‍್ಯಾಮ್ ಹಾಕಿಸಿದರು. ಹನ್ನೆರಡು ಹದಿಮೂರು ಸಾವಿರ ಹೋಯಿತು, ಕೂದಲಷ್ಟೂ ವ್ಯತ್ಯಾಸ ಇಲ್ಲ. ಆಮೇಲೆ ಕಾರ್ಡಿನ ಕೊಟೇಶನ್ ಬಂತು, ಹತ್ತಿರ ಹತ್ತಿರ ಅರವತ್ತು ಸಾವಿರ. ನಾನು ಬೇಡ ಅಂದೆ. ಕೆವಿಎಂ ಜೊತೆ ವಿಎಂ ಓಡಿಸುವ ಕ್ಯೂಎಮುವಿನ ನಮ್ಮ ವರ್ಷನ್‌ನಲ್ಲಿ ಸ್ಪೈಸ್‌ನ ಜಿಎಲ್ (ಕಾರ್ಡ್ ಬಳಸಿ ಚಿತ್ರ ಬಿಡಿಸುವ ಸೌಲಭ್ಯ) ಅದೇ ಮೆಷಿನ್ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೇಲೆ ಹೋಗಲ್ಲ. ಕಾರ್ಡ್ ಬಂದಿದ್ದರೂ ಸುಮ್ನೆ ಕೂತಿರುತ್ತಿತ್ತು, ಅಲ್ವಾ?

ಸ್ನ್ಯಾಪ್‌ಶಾಟ್ ತೆಗೆದು ಒಂದೊಂದೇ ಪದರ ಬದಲಿಸುತ್ತಾ ಹೋದೆ. ಬೂಟ್ ಮೆನು ಗ್ರಬ್‌ನಲ್ಲಿ ಹಳೆಯ 5.15 ಕರ್ನಲ್ (ಲಿನಕ್ಸ್‌ನ ತಿರುಳು) ಬೂಟ್ ಮಾಡಿದೆ, ಅದೇ ಕಥೆ. ಪರದೆ ನಿಭಾಯಿಸುವ ವೇಲ್ಯಾಂಡ್ ಬಿಟ್ಟು ಅದಕ್ಕಿಂತ ಹಳೆಯ ಎಕ್ಸ್‌ಆರ್ಗ್‌ನಲ್ಲಿ ಲಾಗಿನ್ ಆದೆ, ಒಂಚೂರು ಹಗುರ ಅನ್ನಿಸಿತು ಅಷ್ಟೇ. ಮೂರು ವಾರಾಂತ್ಯ ಹೀಗೇ ಹೋಯಿತು.

ಸುಳಿವು ಸಿಕ್ಕಿದ್ದು ಟರ್ಮಿನಲ್‌ನಲ್ಲಿ. ಫೈಲ್ಸ್, ಸೆಟ್ಟಿಂಗ್ಸ್, ಟೆಕ್ಸ್ಟ್ ಎಡಿಟರ್ ಎಲ್ಲ ತಡವರಿಸುತ್ತಿದ್ದರೂ ಟರ್ಮಿನಲ್ ಮಾತ್ರ ಮೊದಲಿನ ಹಾಗೇ ಸರಾಗ. 24.04ರಲ್ಲಿ ಟರ್ಮಿನಲ್ ಇನ್ನೂ ಜಿಟಿಕೆ 3 (ಜಿಟಿಕೆ ಅಂದರೆ ಆ್ಯಪ್‌ಗಳ ಕಿಟಕಿ, ಬಟನ್ ಬಿಡಿಸುವ ಲೈಬ್ರರಿ), ಉಳಿದ ಮೂರೂ ಜಿಟಿಕೆ 4. ಸಿಪಿಯು ಬಳಕೆ ತೋರಿಸುವ ಟಾಪ್ ತೆರೆದು, ಥ್ರೆಡ್‌ಗಳು ಬೇರೆಬೇರೆ ಕಾಣಲಿ ಅಂತ ದೊಡ್ಡ ಎಚ್ ಒತ್ತಿದೆ. ಫೈಲ್ಸ್ ಸ್ಕ್ರೋಲ್ ಮಾಡಿದಾಗಲೆಲ್ಲ ಎಲ್‌ಎಲ್‌ವಿಎಂಪೈಪ್-0, 1, 2, 3 ಅಂತ ಥ್ರೆಡ್‌ಗಳು ಮೇಲಕ್ಕೆ ಹಾರುತ್ತಿದ್ದವು, ಒಟ್ಟು 300% ಆಸುಪಾಸು, ಅಂದರೆ ಮೂರು ಕೋರ್ ಪೂರ್ತಿ. ಎಲ್‌ಎಲ್‌ವಿಎಂಪೈಪ್ ಅಂದರೆ ಗ್ರಾಫಿಕ್ಸ್ ಕಾರ್ಡಿನ ಕೆಲಸವನ್ನು ಸಿಪಿಯುನಲ್ಲೇ ಮಾಡುವ ಸಾಫ್ಟ್‌ವೇರ್. ಜಿಟಿಕೆ 4.14ರಲ್ಲಿ ಡೀಫಾಲ್ಟ್ ರೆಂಡರರ್ (ಚಿತ್ರ ಬಿಡಿಸುವ ಭಾಗ) ಬದಲಾಗಿ ಎನ್‌ಜಿಎಲ್ ಬಂದಿದೆ. ಜಿಪಿಯು (ಗ್ರಾಫಿಕ್ಸ್ ಚಿಪ್) ಇಲ್ಲದ ಕಡೆ ಅದರ ಶೇಡರ್‌ಗಳನ್ನೆಲ್ಲ (ಪಿಕ್ಸೆಲ್ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು) ಸಿಪಿಯು ಹೊರಬೇಕು.

ಜಿಟಿಕೆಗೆ ರೆಂಡರರ್ ಆರಿಸಿಕೊಡುವ ಜಿಎಸ್‌ಕೆ ರೆಂಡರರ್ ವೇರಿಯಬಲ್‌ಗೆ ಕೈರೋ (ಶೇಡರ್ ಬೇಡದ ಹಳೆಯ ರೆಂಡರರ್) ಅಂತ ಕೊಟ್ಟು (GSK_RENDERER=cairo) ಫೈಲ್ಸ್ ತೆರೆದೆ. ಅದೇ ಸ್ಕ್ರೋಲ್, 50–60% ಕೂಡ ದಾಟಲಿಲ್ಲ. ಒಂದು ಎಚ್ಚರ: ಫೈಲ್ಸ್ ಹಿಂದೆ ಓಡುತ್ತಲೇ ಇರುತ್ತದೆ. ನಾಟಿಲಸ್‌ಗೆ (ಫೈಲ್ಸ್‌ನ ಅಸಲಿ ಹೆಸರು) ಮೈನಸ್ ಕ್ಯೂ ಕೊಟ್ಟು (nautilus -q) ಮುಚ್ಚದಿದ್ದರೆ ಹೊಸ ವೇರಿಯಬಲ್ ಅದಕ್ಕೆ ತಾಗುವುದೇ ಇಲ್ಲ. "ನಾನೂ ಹಾಕಿದೆ, ಏನೂ ಆಗಲಿಲ್ಲ" ಅನ್ನುವವರು ಎಡವುವುದು ಇಲ್ಲೇ. ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ಈಟಿಸಿಯ ಎನ್ವಿರಾನ್‌ಮೆಂಟ್ ಫೈಲಿಗೆ (/etc/environment) ಆ ಒಂದು ಸಾಲು ಸೇರಿಸಿ, ಲಾಗ್‌ಔಟ್ ಆಗಿ ಬಂದೆ.

ಗ್ನೋಮ್ ಶೆಲ್‌ಗೆ (ಮೇಲಿನ ಪಟ್ಟಿ, ಡೆಸ್ಕ್‌ಟಾಪ್ ತೋರಿಸುವ ಭಾಗ) ಇದು ಅನ್ವಯಿಸಲ್ಲ, ಅದು ಜಿಟಿಕೆಯಿಂದ ಚಿತ್ರ ಬಿಡಿಸುವುದಿಲ್ಲ. ಅದಕ್ಕೆ ಅನಿಮೇಷನ್ ಆಫ್ ಮಾಡಿದೆ. ರೆಸಲ್ಯೂಶನ್ 1366×768ಕ್ಕೆ ಇಳಿಸಿದೆ, 1920×1080ರ ಅರ್ಧದಷ್ಟೇ ಪಿಕ್ಸೆಲ್. ಎಲ್‌ಎಲ್‌ವಿಎಂಪೈಪ್ ಎಷ್ಟು ಥ್ರೆಡ್ ಬಳಸಬೇಕು ಅಂತ ಹೇಳುವ ಎಲ್‌ಪಿ ನಮ್ ಥ್ರೆಡ್ಸ್ (LP_NUM_THREADS) ಅನ್ನು 2ಕ್ಕೆ ಕಟ್ಟಿ ನೋಡಿದೆ. ಆ ವಿಎಂ ಸ್ವಲ್ಪ ನಿಧಾನವಾಯಿತು, ಆದರೆ ಪಕ್ಕದ ವಿಎಂಗಳು ಉಸಿರಾಡಿದವು. ಹಾಗೇ ಇಟ್ಟಿದ್ದೇನೆ. ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಕೂಡ ಹಾಕಿ ನೋಡಿದೆ, ಎಲ್ಲಕ್ಕಿಂತ ಹಗುರ. ಆದರೆ ಹುಡುಗರು "ಸಾರ್, ಹಳೇದು ಕಾಣುತ್ತೆ" ಅಂತ ಮುಖ ಸಿಂಡರಿಸಿದರು. ಸ್ಪೈಸ್ ಕಡೆ ಇಮೇಜ್ ಕಂಪ್ರೆಷನ್‌ನಲ್ಲಿ ಇನ್ನೊಂದು ಕೈಚಳಕ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊಟೇಶನ್ ತರಿಸಿದ್ದ ಸಹೋದ್ಯೋಗಿ ಈಗ ತಮ್ಮ ಬ್ಯಾಚಿಗೂ ಇದೇ ಇಮೇಜ್ ಕೇಳಿದ್ದಾರೆ. ಕೊಟ್ಟೆ. ಜಿಟಿಕೆ 4.16ರಿಂದ ವೇಲ್ಯಾಂಡ್‌ನಲ್ಲಿ ಡೀಫಾಲ್ಟ್ ರೆಂಡರರ್ ಮತ್ತೆ ಬದಲಾಗಿ ವಲ್ಕನ್ ಆಗಿದೆ. ಹಾಗಾಗಿ ಮುಂದಿನ ರಿಲೀಸನ್ನು ಮೊದಲು ಒಂದು ಕ್ಲೋನ್ ವಿಎಂಗೆ ಹಾಕಿ, ಫೈಲ್ಸ್ ಸ್ಕ್ರೋಲ್ ಮಾಡಿ, ಟಾಪ್ ನೋಡಿದ ಮೇಲೇ ಲ್ಯಾಬಿಗೆ ಬಿಡುವುದು.